ಹೊಂಗೆಮರದ ಬುಡ ಹುಡುಕಿದ್ದು

ಚಂದಾಪುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿಗೆ ಎಪ್ಪತ್ತರ ಹತ್ತಿರ ವಯಸ್ಸು. ಆಸುಪಾಸಿನ ಬೇಸಾಯದ ಮನೆತನದಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ ಬಂದವರು. ಕೆಳಗಡೆ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಅವರು, ಮೇಲಿನ ಒಂದು ಕೋಣೆಯಲ್ಲಿ ನಾನು. ನಾನವರನ್ನು ಅಮ್ಮ ಅನ್ನುತ್ತಿದ್ದೆ.

ಆಗ ನನಗೆ ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವ ಕೆಲಸ. ರಜೆಯ ದಿನ ಮಾತ್ರ ಬೇರೊಂದು ಹುಚ್ಚು. ಮೊಬೈಲುಗಳಲ್ಲಿ ಹರಿದಾಡುವ ಫೋಟೋ ನಿಜವೋ ಸುಳ್ಳೋ, ಎಲ್ಲಿ ತೆಗೆದದ್ದು, ಯಾವಾಗ ತೆಗೆದದ್ದು ಎಂದು ಪತ್ತೆಹಚ್ಚುವ ಒಂದು ಗುಂಪಿಗೆ ಸೇರಿಕೊಂಡಿದ್ದೆ. ಗುಂಪಿನವರ ಮುಖ ನಾನು ನೋಡಿದವಳಲ್ಲ. ಯಾರು ಬೇಕಾದರೂ ತೆರೆದು ನೋಡಬಹುದಾದ ಉಪಗ್ರಹ ಚಿತ್ರಗಳು, ಯಾವ ಉಪಗ್ರಹ ಯಾವ ಊರಿನ ಮೇಲೆ ಎಷ್ಟು ಹೊತ್ತಿಗೆ ಹಾದುಹೋಯಿತೆಂದು ತೋರಿಸುವ ವೆಬ್‌ಸೈಟುಗಳು, ಇಷ್ಟೇ ನಮ್ಮ ಬಂಡವಾಳ. ಒಮ್ಮೆ ಬೆಳ್ಳಂದೂರು ಕೆರೆಯ ನೊರೆಯದೆಂದು ಹಬ್ಬಿದ್ದ ಚಿತ್ರ ಬೇರೆ ರಾಜ್ಯದ್ದೆಂದು ಕಂಡುಹಿಡಿದು ಎರಡು ದಿನ ಬೀಗಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಅಮ್ಮ ಸಂಡಿಗೆ ಒಣಗಿಸಲು ಮಹಡಿಗೆ ಬಂದರು. ನಾನು ನೀರಿನ ಟ್ಯಾಂಕಿನ ನೆರಳಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ.

"ಇದೇನವ್ವ ಇದು, ಗೆರೆ ಮ್ಯಾಲೆ ಗೆರೆ ಓಡ್ತಾವೆ?"

"ಉಪಗ್ರಹ ಓಡೋ ದಾರಿ ಅಮ್ಮ. ಇದೊಂದು ನೋಡಿ, ಈಗ ನಮ್ಮ ತಲೆ ಮೇಲೆ ಬರ್ತಿದೆ. ಮೇಲಿಂದ ಫೋಟೋ ತೆಗೆಯುತ್ತೆ."

ಅವರು ಆಕಾಶ ನೋಡಿ ಸೆರಗು ಸರಿಮಾಡಿಕೊಂಡರು. "ನನ್ನೂ ತೆಗೀತದಾ?"

"ಮನುಷ್ಯರು ಕಾಣಲ್ಲ. ಮನೆ, ದೊಡ್ಡ ಮರ ಕಾಣುತ್ತೆ."

"ಹಳೇವೂ ಇರ್ತವಾ?"

"ಇರ್ತವೆ. ಹದಿನೈದು ವರ್ಷದ ಹಿಂದಿನವೂ ಸಿಗ್ತವೆ."

ಸಂಡಿಗೆಯ ಪಾತ್ರೆ ಕೆಳಗಿಟ್ಟು ನನ್ನ ಪಕ್ಕ ಕೂತರು. ಪರದೆಯತ್ತ ಬಗ್ಗಿ ಕೇಳಿದರು: "ಅಂಗಾದ್ರೆ ನಮ್ಮವ್ವ ಎಲ್ಲವ್ಳೆ ಅಂತ ನೋಡಿ ಯೋಳ್ತೀಯಾ?"

ಅವರ ತಾಯಿ ತೀರಿಕೊಂಡು ನಲವತ್ತು ವರ್ಷದ ಮೇಲಾಗಿತ್ತು. ತವರಿನ ಹೊಲದ ಬದುವಿನಲ್ಲಿ ಒಂಟಿ ಹೊಂಗೆಮರ, ಅದರ ಬುಡಕ್ಕೆ ತಾಗಿದಂತೆ ಮೂಡಣ ದಿಕ್ಕಿಗೆ ಮಣ್ಣು ಮಾಡಿದ್ದರಂತೆ. ಪ್ರತಿ ಪಿತೃಪಕ್ಷಕ್ಕೆ ಹೋಗಿ ಎಡೆ ಇಟ್ಟು ಬರುತ್ತಿದ್ದರು. ಆಮೇಲೆ ಅಣ್ಣತಮ್ಮಂದಿರು ಹೊಲ ಮಾರಿದರು. ಅದು ಬಡಾವಣೆಯಾಯಿತು. ಮರ ಹೋಯಿತು, ಕಲ್ಲು ಹೋಯಿತು. ಒಮ್ಮೆ ಎಡೆಯ ಸಾಮಾನು ಹಿಡಿದುಕೊಂಡು ಹೋದವರು, ಒಂದೇ ನಮೂನೆಯ ರಸ್ತೆಗಳ ನಡುವೆ ಜಾಗ ತಿಳಿಯದೆ, ಒಂದು ಲೈಟು ಕಂಬದ ಕೆಳಗೆ ಎಲೆ ಇಟ್ಟು ಕೈಮುಗಿದು ಬಂದಿದ್ದರು. ಮತ್ತೆ ಹೋಗಿರಲಿಲ್ಲ.

ಹಳೆಯ ಚಿತ್ರವೇನೋ ಸಿಕ್ಕಿತು. ಹೊಲವೂ ಸಿಕ್ಕಿತು, ಕೆರೆ ಏರಿ ಎಲ್ಲಿ ತಿರುಗುತ್ತದೆ ಎಂಬುದನ್ನು ಹಿಡಿದುಕೊಂಡು ಅಮ್ಮನೇ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಆದರೆ ಬದುವಿನ ಮೇಲೆ ಒಂದಕ್ಕೊಂದು ಅಂಟಿದ ಎರಡು ಕಪ್ಪು ಮಚ್ಚೆಗಳಿದ್ದವು.

"ಎರಡು ಮರ ಇರ್ನಿಲ್ಲ ಕಣವ್ವ. ಒಂದೇಯ."

ಹಾಗಾದರೆ ಒಂದು ಮರ, ಇನ್ನೊಂದು ಅದರ ನೆರಳು. ಯಾವುದು ಯಾವುದೆಂದು ಮಸುಕಾದ ಚಿತ್ರದಲ್ಲಿ ಗೊತ್ತಾಗದು. ಬೆಳಗಿನ ಚಿತ್ರವಾದರೆ ನೆರಳು ಪಡುವಣಕ್ಕೆ ಬೀಳುತ್ತದೆ, ಮಧ್ಯಾಹ್ನದ ಮೇಲಿನದಾದರೆ ಮೂಡಣಕ್ಕೆ. ಚಿತ್ರದ ಮೇಲೆ ತಾರೀಖಿತ್ತು, ಗಂಟೆ ಇರಲಿಲ್ಲ. ಆ ಉಪಗ್ರಹದ ಹೆಸರು ಮತ್ತು ತಾರೀಖನ್ನು ಹಾದಿ ತೋರಿಸುವ ವೆಬ್‌ಸೈಟಿಗೆ ಹಾಕಿ ಕಾದೆ. ಅಂದು ಅದು ಬೆಂಗಳೂರಿನ ಮೇಲೆ ಹಾದದ್ದು ಬೆಳಿಗ್ಗೆ ಹನ್ನೊಂದಕ್ಕೆ ಮುಂಚೆ. ಅಂದರೆ ಪಡುವಣದ ಮಚ್ಚೆ ನೆರಳು, ಮೂಡಣದ್ದು ಮರ. ಅದರ ಬುಡವನ್ನು ಇಂದಿನ ನಕ್ಷೆಯ ಮೇಲೆ ಚುಕ್ಕೆ ಮಾಡಿ ಮೊಬೈಲಿಗೆ ಕಳಿಸಿಕೊಂಡೆ. ಹಳೆಯ ಚಿತ್ರಗಳು ಐದಾರು ಹೆಜ್ಜೆ ಅತ್ತಿತ್ತ ಸರಿದಿರುತ್ತವೆ ಎಂದು ಮೊದಲೇ ಹೇಳಿದೆ. ಅಮ್ಮ ತಲೆಯಾಡಿಸಿದರು. ಕೇಳಿಸಿಕೊಂಡರೋ ಇಲ್ಲವೋ.

ಮುಂದಿನ ಭಾನುವಾರ ಆಟೋ ಮಾಡಿಕೊಂಡು ಹೋದೆವು. ಬಡಾವಣೆಯ ಗೇಟಿನಲ್ಲಿ ವಾಚ್‌ಮನ್ ತಡೆದ.

"ಯಾರನ್ನ ನೋಡ್ಬೇಕು ಮೇಡಂ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ನಮ್ಮವ್ವನ್ನ" ಅಂದರು. ಆಮೇಲೆ ತಾವೇ ಎಲ್ಲ ಬಿಡಿಸಿ ಹೇಳಿದರು. ಆತ ಅವರ ಕೈಯಲ್ಲಿದ್ದ ಬಾಳೆಲೆ, ಹೂವು ನೋಡಿ ಗೇಟು ಸರಿಸಿದ. "ಬೇಗ ಬಂದ್ಬಿಡಿ ಅಮ್ಮ, ಆಫೀಸ್‌ನೋರು ಬಂದ್ರೆ ನಂಗೆ ಬೈತಾರೆ."

ಚುಕ್ಕೆ ಬಿದ್ದದ್ದು ಎರಡು ಮನೆಗಳ ನಡುವಿನ ಖಾಲಿ ಸೈಟಿನಲ್ಲಿ. ಮೊಣಕಾಲುದ್ದ ಕಳೆ, ಒಡೆದ ಟೈಲ್ಸು, ಪ್ಲಾಸ್ಟಿಕ್ ಚೀಲಗಳು. ಮೊಬೈಲು ನೋಡುತ್ತ ನಿಂತು, "ಇಲ್ಲೇ ಅಮ್ಮ, ಇದರ ಸುತ್ತಮುತ್ತ ಎಲ್ಲೋ" ಅಂದೆ. ಅವರು ಚಪ್ಪಲಿ ಬಿಟ್ಟು ನನ್ನ ಸುತ್ತ ನಿಧಾನವಾಗಿ ಒಂದು ಸುತ್ತು ನಡೆದರು. ಒಂದು ಕಡೆ ನಿಂತು, ಕಳೆ ಕಿತ್ತು ಮೊರದಗಲ ಜಾಗ ಬಿಡಿಸಿ, ಎಲೆ ಹಾಕಿ ವಡೆ, ಪಾಯಸ, ಎಲೆಅಡಿಕೆ ಇಟ್ಟರು.

"ಅವ್ವಾ, ಬಂದಿವ್ನಿ ಕಣವ್ವ. ಕಾಂಪೌಂಡು ಕಟ್ಬುಟ್ರು, ದಾರಿ ತಿಳೀನಿಲ್ಲ. ಬ್ಯಾಸರ ಮಾಡ್ಕೋಬ್ಯಾಡ."

ನಾನು ರಸ್ತೆಗೆ ಬಂದು ನಿಂತೆ. ಸೊಸೆಯ ವಿಚಾರ, ಮೊಮ್ಮಗಳ ಕಾಲೇಜು, ತಮ್ಮ ಮಂಡಿನೋವು ಎಲ್ಲ ಹೇಳುತ್ತಿದ್ದುದು ಅಷ್ಟಿಷ್ಟು ಕೇಳಿಸುತ್ತಿತ್ತು. ವಾಚ್‌ಮನ್ ಎರಡು ಸಲ ಇತ್ತ ನೋಡಿದ, ಕರೆಯಲಿಲ್ಲ.

ಅದಾದ ಮೇಲೆ ತಿಂಗಳಿಗೊಮ್ಮೆಯಾದರೂ ಹೊಸ ಚಿತ್ರ ಬಂದಾಗ ಆ ಸೈಟು ನೋಡುವುದು ನನಗೆ ಅಭ್ಯಾಸವಾಯಿತು. ಹಸಿರಾಗಿತ್ತು, ಹಸಿರಾಗಿಯೇ ಇತ್ತು. ಒಂದು ಸಲ ಕೆಂಪಾಯಿತು: ಪಾಯ ಅಗೆದಿದ್ದರು. ಮೂರು ದಿನ ಅಮ್ಮನಿಗೆ ಅದನ್ನು ಹೇಳಲಿಲ್ಲ. ನಾಲ್ಕನೆಯ ದಿನ ಅಮ್ಮನೇ, "ಪಿತೃಪಕ್ಷ ಬತ್ತೈತೆ, ಬಿಡುವು ಮಾಡ್ಕೊಂತೀಯಾ?" ಎಂದಾಗ ಹೇಳಲೇಬೇಕಾಯಿತು.

"ಯಾರೋ ಸಂಸಾರಸ್ಥರು ಬತ್ತಾರೆ. ಇಷ್ಟು ದಿನ ಒಬ್ಳೇ ಇದ್ಲು" ಅಂದರು. ಅಂದು ಮಧ್ಯಾಹ್ನ ಊಟ ಮಾಡಲಿಲ್ಲವೆಂದು ಸೊಸೆ ಬಂದು ಹೇಳಿದಳು. ಆ ವರ್ಷ ಅವರು ಎಡೆಯನ್ನು ಮಹಡಿಯ ಮೇಲೆ ಇಟ್ಟರು.

ಅವತ್ತೇ ನಾನು ನನ್ನ ಹೆತ್ತಮ್ಮನನ್ನು ಹುಡುಕಿದೆ. ಅವಳನ್ನು ಸುಟ್ಟು ಬೂದಿಯನ್ನು ಹೊಳೆಗೆ ಬಿಟ್ಟಿದ್ದೆವು. ಚುಕ್ಕೆ ಇಡಲು ಜಾಗವಿಲ್ಲ. ನಾನು ಹುಟ್ಟಿ ಬೆಳೆದದ್ದು ರಾಜಗೋಪಾಲನಗರದಲ್ಲಿ. ಅಮ್ಮ ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಆ ಕಟ್ಟಡದ ಹಳೆಯ ಚಿತ್ರ ತೆಗೆದು ತಾರೀಖು ನೋಡಿದೆ. ಮಂಗಳವಾರ. ಉಪಗ್ರಹ ಹಾದ ಹೊತ್ತು ಹತ್ತು ನಲವತ್ತು. ಅಮ್ಮ ಆಗ ಬದುಕಿದ್ದಳು, ರಜೆ ಹಾಕುವವಳೇ ಅಲ್ಲ. ಪರದೆಯ ಮೇಲೆ ಉಗುರಿನಷ್ಟು ಬೆಳ್ಳಗಿನ ಚಾವಣಿ ಶೀಟು. ಅದರ ಕೆಳಗೆ, ಎಡಗಡೆಯ ಸಾಲಿನಲ್ಲಿ, ಕಿಟಕಿಯಿಂದ ಮೂರನೆಯ ಮೆಷಿನ್ನಿನಲ್ಲಿ ಅವಳು ಕೂತಿದ್ದಾಳೆ. ಟೀ ಬೆಲ್ಲಿಗೆ ಇನ್ನೂ ಇಪ್ಪತ್ತು ನಿಮಿಷವಿದೆ.

ಚಿತ್ರವನ್ನು ಎಷ್ಟು ದೊಡ್ಡದು ಮಾಡಬಹುದೋ ಅಷ್ಟು ಮಾಡಿದೆ. ಶೀಟಿನ ಅಂಚು ಒಡೆದು ಚೌಕ ಚೌಕವಾಯಿತು. ಆದರೂ ಮುಚ್ಚಲು ಮನಸ್ಸು ಬರದೆ, ಬಿಸಿಲು ಇಳಿಯುವ ತನಕ ಅದರ ಮುಂದೆಯೇ ಕೂತಿದ್ದೆ.