ಕರಿಯಪ್ಪನ ಬಂದೂಕಿನಲ್ಲಿ ಇದ್ದದ್ದು

2018ರ ಜೂನ್ ತಿಂಗಳು. ಚಿತ್ರದುರ್ಗದ ಪೊಲೀಸ್ ಶಸ್ತ್ರಾಗಾರದಲ್ಲಿ ಆರ್ಮರರ್ ಆಗಿ ನನಗದು ಹತ್ತೊಂಬತ್ತನೇ ವರ್ಷ. ಆರ್ಮರರ್ ಎಂದರೆ ಬಂದೂಕು ಬಿಚ್ಚಿ, ಒರೆಸಿ, ರಿಪೇರಿ ಮಾಡಿ, ಅದು ಬಳಕೆಗೆ ಯೋಗ್ಯವೋ ಅಲ್ಲವೋ ಎಂದು ಷರಾ ಬರೆಯುವವನು. ನನ್ನ ಹೆಂಡತಿ ನೆಂಟರಿಷ್ಟರ ಮುಂದೆ ನನ್ನನ್ನು 'ಬಂದೂಕಿನ ಕಾಂಪೌಂಡರ್' ಎಂದೇ ಪರಿಚಯಿಸುತ್ತಿದ್ದಳು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಇಲಾಖೆಯ ಬಂದೂಕುಗಳ ಜೊತೆಗೆ ಊರುಮನೆಗಳ ಬಂದೂಕುಗಳೂ ನನ್ನ ಮೇಜಿಗೆ ಬರುತ್ತಿದ್ದವು. ಲೈಸೆನ್ಸ್ ಇದ್ದವರು ತೀರಿಕೊಂಡರೆ ಮನೆಯವರು ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ವಾರಸುದಾರರು ಬಯಸಿದರೆ ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಆಗ ಬಂದೂಕಿನ ಸ್ಥಿತಿಯ ಬಗ್ಗೆ ನನ್ನ ವರದಿ ಬೇಕಾಗುತ್ತದೆ. ಲೈಸೆನ್ಸ್ ಸಿಗದಿದ್ದರೆ ಆ ಬಂದೂಕು ಕೊನೆಗೊಂದು ದಿನ ನಾಶಪಡಿಸುವ ಪಟ್ಟಿಗೆ ಸೇರಿ, ನಳಿಗೆ ತುಂಡಾಗಿ ಗುಜರಿಯಾಗುತ್ತದೆ.

ಆ ಪಟ್ಟಿ ಓದಿ ಅತ್ತವರನ್ನು ನಾನು ಕಂಡಿದ್ದೇನೆ. ಮಾರಿಕಣಿವೆ ಕಡೆಯ ಒಬ್ಬ ಹಿರಿಯರು ತುಕ್ಕು ತಿಂದು ತೂತುಬಿದ್ದ ನಳಿಗೆಯನ್ನು ಮಡಿಲಲ್ಲಿಟ್ಟುಕೊಂಡು ಅರ್ಧ ದಿನ ಕೂತಿದ್ದರು. ಹೊಳಲ್ಕೆರೆಯ ಇಬ್ಬರು ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ಸದ್ದಿಲ್ಲದೆ ಹಂಚಿಕೊಂಡು, ಅಜ್ಜನ ಬಂದೂಕು ಯಾರ ಗೋಡೆಗೆ ಎಂಬುದಕ್ಕೆ ಮಾತು ಬಿಟ್ಟಿದ್ದರು. ಇದೆಲ್ಲ ನನಗೆ ಆಗ ಸ್ವಲ್ಪ ಹುಚ್ಚಾಟವೆಂದೇ ತೋರುತ್ತಿತ್ತು. ಕಬ್ಬಿಣಕ್ಕೇನು ಅಷ್ಟು ಮರುಗುವುದು ಎನ್ನುತ್ತಿದ್ದೆ.

ಆ ವರ್ಷ ವಿಧಾನಸಭೆ ಚುನಾವಣೆ. ಚುನಾವಣೆ ಬಂತೆಂದರೆ ಲೈಸೆನ್ಸ್ ಬಂದೂಕುಗಳನ್ನೆಲ್ಲ ಠಾಣೆಗೆ ತರಿಸಿ ಇಡುತ್ತಾರೆ. ಹೊಸದುರ್ಗ ತಾಲ್ಲೂಕಿನ ಮತ್ತೋಡು ಕಡೆಯ ಒಂದು ಹಳ್ಳಿಯಲ್ಲಿ ಹಾಗೆ ವಿಚಾರಿಸುವಾಗ, ಲೈಸೆನ್ಸ್‌ದಾರ ಕರಿಯಪ್ಪ ತೀರಿಕೊಂಡು ಮೂರು ವರ್ಷವಾಗಿದ್ದರೂ ಬಂದೂಕು ಮನೆಯ ಗೋಡೆಯಲ್ಲೇ ಇರುವುದು ತಿಳಿಯಿತು. ಕುರಿ ಸಾಕುವ ಮನೆತನ. ಕರಿಯಪ್ಪನ ತಾತನ ಕಾಲದಿಂದ ಬಂದ ಬಂದೂಕು. ಪೊಲೀಸರು ತಂದರು. ಹಿಂದೆಯೇ ಕರಿಯಪ್ಪನ ಮಗಳು ಹನುಮಕ್ಕ ಲೈಸೆನ್ಸ್‌ಗೆ ಅರ್ಜಿ ಹಾಕಿದಳು. ಐವತ್ತರ ಹತ್ತಿರದ ಹೆಂಗಸು. ಗಂಡ ಸತ್ತ ಮೇಲೆ ತವರಿಗೆ ಬಂದು ಅಪ್ಪನ ಕುರಿ ಹಿಂಡನ್ನು ತಾನೇ ಕಾಯುತ್ತಿದ್ದಳು. ತಮ್ಮ ಕೆಂಚಪ್ಪ 'ನನ್ನ ತಕರಾರಿಲ್ಲ' ಎಂದು ಸಹಿ ಹಾಕಿಕೊಟ್ಟಿದ್ದ.

ಬಂದೂಕು ನನ್ನ ಮೇಜಿಗೆ ಬಂದ ದಿನ ಅಕ್ಕತಮ್ಮ ಇಬ್ಬರೂ ಬಂದು ಹೊರಗೆ ಹೊಂಗೆ ಮರದ ಕೆಳಗೆ ಕೂತಿದ್ದರು. ಬಂದೂಕಿನ ದಾಖಲೆಯ ಹೆಸರು ಎಸ್‌ಬಿಎಂಎಲ್. ಒಂದೇ ನಳಿಗೆ, ಮದ್ದು, ಗುಂಡು ಎಲ್ಲವನ್ನೂ ನಳಿಗೆಯ ಬಾಯಿಂದಲೇ ಹಾಕಿ, ಗಜ ಎಂಬ ಉದ್ದನೆಯ ಕಡ್ಡಿಯಿಂದ ಗಿಡಿದು ಬಿಗಿ ಮಾಡಬೇಕು. ಹಿಂಬದಿಯ ಮೊಲೆಯಂಥ ತುದಿಗೆ, ಮದ್ದಿಗೆ ಕಿಡಿ ಕೊಡುವ ಕೇಪು ಇಟ್ಟು ಹೊಡೆಯುವುದು. ಈ ಬಂದೂಕನ್ನು ಅದೆಷ್ಟು ಚೆನ್ನಾಗಿ ಇಟ್ಟುಕೊಂಡಿದ್ದರೆಂದರೆ, ಹಿಡಿಕೆಯ ಮರ ಎಣ್ಣೆ ಕುಡಿದು ಕುಡಿದು ಕಪ್ಪಾಗಿತ್ತು. ನಳಿಗೆಯ ಮೇಲೆ ಒಣಗಿದ ಕುಂಕುಮ.

ಇಂಥ ಬಂದೂಕು ಕೈಗೆ ಬಂದರೆ ಮೊದಲ ಪರೀಕ್ಷೆ ಬಹಳ ಸುಲಭದ್ದು. ನಳಿಗೆಯ ಹೊರಗಿನ ಉದ್ದ ಅಳೆಯಬೇಕು, ಆಮೇಲೆ ಗಜ ಒಳಗೆ ಎಷ್ಟು ಇಳಿಯುತ್ತದೆ ಎಂದು ಅಳೆಯಬೇಕು. ಎರಡೂ ಒಂದೇ ಆದರೆ ಬಂದೂಕು ಖಾಲಿ. ಇದರಲ್ಲಿ ಹೊರಗೆ ನಲವತ್ತು ಇಂಚು. ಗಜ ಮೂವತ್ತೆಂಟಕ್ಕೇ ನಿಂತಿತು.

ಅಂದರೆ ಒಳಗೆ ಎರಡು ಇಂಚು ಏನೋ ತುಂಬಿತ್ತು. ಕೇಪು ಇರಲಿಲ್ಲ ನಿಜ, ಆದರೆ ಒಣಗಿದ ಜಾಗದಲ್ಲಿದ್ದರೆ ಕರಿಮದ್ದಿಗೆ ವಯಸ್ಸಾಗುವುದಿಲ್ಲ. ಒಂದು ಕಿಡಿ ಸಾಕು. ಸಿಟ್ಟಿನಿಂದ ರಿಜಿಸ್ಟರ್ ಎಳೆದುಕೊಂಡು ಕೆಂಪು ಶಾಯಿಯಲ್ಲಿ ಬರೆದೆ: 'ಮದ್ದು, ಗುಂಡು ತುಂಬಿದ ಸ್ಥಿತಿಯಲ್ಲಿ ಮನೆಯಲ್ಲಿಟ್ಟಿದ್ದಾರೆ.' ಆ ಒಂದು ಸಾಲು ಜಿಲ್ಲಾ ಕಚೇರಿಗೆ ಹೋದರೆ ಹನುಮಕ್ಕನ ಅರ್ಜಿ ಅಲ್ಲಿಗೇ ಮುಗಿಯಿತು. ಅದು ಗೊತ್ತಿದ್ದೇ ಬರೆದೆ.

ಇಬ್ಬರನ್ನೂ ಒಳಗೆ ಕರೆಸಿದೆ. "ಏನವ್ವ ಇದು? ತುಂಬಿದ ಬಂದೂಕ ಗೋಡೆಗೆ ನೇತಾಕಿದೀರಲ್ಲ, ಮನ್ಯಾಗೆ ಮಕ್ಕಳು ಮರಿ ಇಲ್ವಾ?" ಎಂದು ಗದರಿದೆ.

ಹನುಮಕ್ಕ ಹೆದರಲಿಲ್ಲ. "ಐತೆ ಸಾರ್, ನಂಗೊತ್ತು. ಅದು ನಮ್ಮಪ್ಪ ತುಂಬಿದ್ದು" ಅಂದಳು.

ಅವರ ಮನೆಯಲ್ಲಿ ಒಂದು ಪದ್ಧತಿ. ಮಹಾನವಮಿ ಬೆಳಿಗ್ಗೆ ಮನೆಯ ಹಿರಿಯ ಬಂದೂಕನ್ನು ಕುರಿಹಟ್ಟಿಯ ಅಂಚಿಗೆ ಒಯ್ದು ಆಕಾಶಕ್ಕೆ ಒಂದು ಸಲ ಹೊಡೆಯುತ್ತಾನೆ. ಆಮೇಲೆ ತೊಳೆದು, ಹೊಸದಾಗಿ ತುಂಬಿ, ಚೆಂಡುಹೂವಿನ ಹಾರ ಹಾಕಿ ಗೋಡೆಗೆ ಏರಿಸುತ್ತಾನೆ. ಅದಕ್ಕೆ ಅವರು 'ವರ್ಷದ ಮದ್ದು' ಎನ್ನುತ್ತಾರೆ. ತೋಳ ಬಂದರೆ ಆ ಮದ್ದೇ ಹಿಂಡಿಗೆ ಕಾವಲು. ಕರಿಯಪ್ಪ 2014ರ ನವಮಿಯಲ್ಲಿ ತುಂಬಿದ. ಮುಂದಿನ ನವಮಿ ಬರುವುದರೊಳಗೆ ತೀರಿಕೊಂಡ. ಅಪ್ಪನ ಕೈ ಕೊನೆಯದಾಗಿ ಗಿಡಿದ ಮದ್ದನ್ನು ಹೊಡೆದು ಕಳೆಯಲು ಮಗಳಿಗೆ ಮನಸ್ಸು ಬರಲಿಲ್ಲ. ಪ್ರತಿ ನವಮಿಗೂ ಅದರ ಕೆಳಗೆ ದೀಪ ಹಚ್ಚಿ, ಧೂಪ ಹಾಕಿದ್ದಳು!

"ನಾನು ಅವತ್ತೇ ಹೇಳಿದೆ ಸಾರ್, ಹೊಡ್ದು ಖಾಲಿ ಮಾಡಾಣ ಅಂತ" ಎಂದ ಕೆಂಚಪ್ಪ. "ನೀವೇ ಇಲ್ಲಿ ಹೊಡ್ದಾಕ್ರಿ. ಪೀಡೆ ಕಳೀಲಿ."

"ಬ್ಯಾಡ್ರಿ ಸಾರ್" ಎಂದು ಹನುಮಕ್ಕ ಮೇಜಿನ ಅಂಚು ಹಿಡಿದುಕೊಂಡಳು. "ಲೈಸೆನ್ಸ್ ಕೊಡ್ದಿದ್ರೆ ಬಿಡ್ರಿ, ನಮ್ಮ ಹಣೇಬರ. ನಮ್ಮಪ್ಪನ ಕೈಯಿಂದ್ದು ಅಂತ ನಂತಾವ ಉಳಿದಿರೋದು ಅದೊಂದೇ. ಅದನ್ನ ಸದ್ದು ಮಾಡಿ ಗಾಳಿಗೆ ಬಿಡಬ್ಯಾಡ್ರಿ."

ತುಂಬಿದ ಬಂದೂಕನ್ನು ಹಾಗೇ ಇಡಲು ಯಾವ ಕಾನೂನೂ ಬಿಡದು, ನಾನೂ ಬಿಡುವವನಲ್ಲ. ಆದರೆ ಖಾಲಿ ಮಾಡಲು ಎರಡು ದಾರಿಗಳಿವೆ. ಒಂದು, ಗುರಿ ಅಭ್ಯಾಸದ ರೇಂಜಿಗೆ ಒಯ್ದು ಹೊಡೆದುಬಿಡುವುದು. ಐದು ನಿಮಿಷದ ಕೆಲಸ. ಇನ್ನೊಂದು, ಮದ್ದನ್ನು ನೀರಿನಲ್ಲಿ ನೆನೆಸಿ, ಗಜದ ತುದಿಗೆ ತಿರುಪಿನ ಕೊಕ್ಕೆ ಸಿಕ್ಕಿಸಿ ಒಳಗಿದ್ದುದನ್ನು ಕೈಯಿಂದ ಎಳೆದು ತೆಗೆಯುವುದು. ಅರ್ಧ ದಿನ ಹಿಡಿಯುತ್ತದೆ. ನಾನು ಸಾಮಾನ್ಯವಾಗಿ ಮೊದಲನೆಯದನ್ನೇ ಮಾಡುತ್ತಿದ್ದೆ. ಅವತ್ತು ಯಾಕೋ ಮನಸ್ಸು ಒಪ್ಪಲಿಲ್ಲ.

"ಹೊಡೆಯಲ್ಲ ಕಣವ್ವ, ಬಿಚ್ಚಿ ತೆಗೀತೀನಿ. ಒಳಗೆ ಏನೈತೋ ನೀನೇ ನೋಡೀವಂತೆ. ಬಾಗಿಲ ಹತ್ರ ಕುಂತ್ಕ" ಎಂದೆ.

ಕೇಪು ಇಡುವ ಹಿಂದಿನ ತುದಿ ಬಿಚ್ಚಿ ನೀರು ಬಿಟ್ಟು ಎರಡು ಗಂಟೆ ಕಾದೆ. ಆಮೇಲೆ ಕೊಕ್ಕೆ ಇಳಿಸಿ ತಿರುಗಿಸಿದೆ. ಕಚ್ಚಿಕೊಂಡಿತು. ಎಳೆದರೆ ಬರಲೊಲ್ಲದು, ಕರಿಯಪ್ಪ ಅಷ್ಟು ಬಿಗಿಯಾಗಿ ಗಿಡಿದಿದ್ದ. ಕೊನೆಗೆ ಕರಿ ಉಣ್ಣೆಯ ಒಂದು ಉಂಡೆ ಹೊರಬಂತು. ಕಂಬಳಿಯ ಉಣ್ಣೆ, ಹೊಸೆದು ಹೊಸೆದು ಗಟ್ಟಿ ಮಾಡಿದ್ದು. ಇನ್ನು ಗುಂಡು ಬರುತ್ತದೆಂದು ಕೆಳಗೆ ತಟ್ಟೆ ಹಿಡಿದು ನಳಿಗೆಯನ್ನು ಬಗ್ಗಿಸಿದೆ.

ಬಂದದ್ದು ಕರಿ ನೀರು ಮಾತ್ರ. ತಟ್ಟೆಗೆ ಗುಂಡಿನ ಒಂದು ಕಾಳೂ ಬೀಳಲಿಲ್ಲ.

ನನಗೆ ನಂಬಿಕೆ ಬರಲಿಲ್ಲ. ಗಜ ಇಳಿಸಿದೆ; ನಲವತ್ತಕ್ಕೆ ಹೋಗಿ ತಳ ಮುಟ್ಟಿತು. ಗುಂಡು ಉದುರಿಹೋಗಿರಬಹುದೇ ಎಂದು ಯೋಚಿಸಿದೆ. ಅದೂ ಸಾಧ್ಯವಿರಲಿಲ್ಲ. ಗುಂಡು ತುಂಬುವವರು ಮದ್ದಿನ ಮೇಲೆ ಒಂದು ಉಂಡೆ, ಗುಂಡಿನ ಮೇಲೆ ಇನ್ನೊಂದು ಉಂಡೆ ಗಿಡಿಯುತ್ತಾರೆ. ಇಲ್ಲಿ ಇದ್ದದ್ದು ಒಂದೇ ಉಂಡೆ, ಅದೂ ಅಲುಗದೆ ಮದ್ದಿನ ಮೇಲೇ ಕೂತಿತ್ತು. ಗುಂಡೂ ಇದ್ದಿದ್ದರೆ ಮದ್ದು, ಗುಂಡು, ಎರಡು ಉಂಡೆ ಎಲ್ಲ ಸೇರಿ ಮೂರು ಇಂಚಿನ ಮೇಲಾಗಬೇಕಿತ್ತು. ನನಗೆ ಸಿಕ್ಕಿದ್ದು ಎರಡೇ ಇಂಚು. ಹತ್ತೊಂಬತ್ತು ವರ್ಷದ ಅನುಭವದವನು ಅಳತೆ ನೋಡಿದಾಗಲೇ ಗ್ರಹಿಸಬೇಕಿತ್ತು. ಸಿಟ್ಟಿನಲ್ಲಿ ಲೆಕ್ಕ ತಪ್ಪಿದ್ದೆ.

"ಅವ್ವಾ, ಇದ್ರಾಗೆ ಗುಂಡೇ ಇಲ್ಲ. ನಿಮ್ಮಪ್ಪ ಬರೀ ಮದ್ದು ತುಂಬಿದಾನೆ. ಸದ್ದು ಬರ್ತೈತೆ, ಯಾರಿಗೂ ತಗಲಲ್ಲ" ಎಂದೆ.

ಹನುಮಕ್ಕ ಹತ್ತಿರ ಬಂದು ತಟ್ಟೆಯನ್ನು ಬಗ್ಗಿ ನೋಡಿದಳು. ಕೆಂಚಪ್ಪ ತಲೆ ತಗ್ಗಿಸಿದ. ಆಮೇಲೆ ಅವಳು ಹೇಳಿದ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

"ಕೊನೇ ಹತ್ತು ವರ್ಷ ನಮ್ಮಪ್ಪ ಒಂದು ತೋಳಾನೂ ಹೊಡೀಲಿಲ್ಲ ಸಾರ್. ಢಂ ಅಂತಿತ್ತು, ತೋಳ ಓಡೋಗ್ತಿತ್ತು. ಮುದುಕಂಗೆ ಗುರಿ ತಪ್ಪೈತೆ, ಕಣ್ಣು ಕಾಣಲ್ಲ ಅಂತ ಊರೆಲ್ಲ ಆಡ್ಕೊಂಡು ನಗ್ತಿತ್ತು. ನಾನೂ ನಕ್ಕಿದೀನಿ. ಅಪ್ಪ ಏನೂ ಅಂತಿರ್ಲಿಲ್ಲ. ತೋಳಂದೂ ಒಂದು ಪಾಲು ಐತೆ ಕಣವ್ವ ಅಂತಿದ್ದ, ಅಷ್ಟೇ."

ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಹತ್ತು ವರ್ಷ ಸೋತವನೆನ್ನಿಸಿಕೊಂಡು ಬದುಕಿದ ಮನುಷ್ಯನ ಪರವಾಗಿ ಸಾಕ್ಷಿ ಹೇಳಲು ಉಳಿದದ್ದು ಆ ಎರಡು ಇಂಚು. ರೇಂಜಿನಲ್ಲಿ ಹೊಡೆದುಬಿಟ್ಟಿದ್ದರೆ ಅದೂ ಹೊಗೆಯಾಗಿ ಹೋಗುತ್ತಿತ್ತು.

ರಿಜಿಸ್ಟರ್ ತೆರೆದು ಕೆಂಪು ಶಾಯಿಯ ಸಾಲಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿದೆ. ಹೊಸ ವರದಿಯಲ್ಲಿ ಕಂಡದ್ದನ್ನು ಕಂಡಂತೆ ಬರೆದೆ. ಮದ್ದು ತುಂಬಿಟ್ಟದ್ದು ತಪ್ಪು, ಅಪಾಯವಿತ್ತು, ಅದನ್ನು ಮುಚ್ಚಿಡಲಿಲ್ಲ. ಗುಂಡು ಇರಲಿಲ್ಲ, ಈಗ ಪೂರ್ತಿ ಖಾಲಿ, ಬಂದೂಕು ಸುಸ್ಥಿತಿಯಲ್ಲಿದೆ ಎಂದೂ ಬರೆದೆ. ಕರಿ ನೀರು ಚರಂಡಿಗೆ ಹೋಯಿತು. ಉಣ್ಣೆಯ ಉಂಡೆಯನ್ನು ಏನು ಮಾಡುವುದು? ಅದು ಮದ್ದುಗುಂಡಲ್ಲ, ಬಂದೂಕಿನ ಭಾಗವೂ ಅಲ್ಲ. ಯಾವ ಫಾರಮ್ಮಿನಲ್ಲೂ ಅದಕ್ಕೆ ಕಾಲಂ ಇಲ್ಲ. ಚೆನ್ನಾಗಿ ತೊಳೆದು ಹನುಮಕ್ಕನ ಕೈಗೆ ಕೊಟ್ಟೆ. ಅವಳು ಅದನ್ನು ಎಲೆಅಡಿಕೆಯ ಚೀಲದಲ್ಲಿಟ್ಟುಕೊಂಡು, "ನೀವು ಬರೆದ ಆ ಚೀಟಿ ನಂಗೂ ಒಂದು ಕೊಡ್ರಿ ಸಾರ್. ಊರಾಗೆ ಓದಿಸ್ಬೇಕು" ಎಂದಳು. ಅರ್ಜಿ ಕೊಟ್ಟು ನಕಲು ಪಡೆಯುವ ದಾರಿ ಹೇಳಿದೆ.

ಲೈಸೆನ್ಸ್ ಬರಲು ಏಳು ತಿಂಗಳು ಹಿಡಿಯಿತು. ಎಚ್ಚರಿಕೆ ಪತ್ರದ ಜೊತೆಗೇ ಬಂತು: ಇನ್ನು ಮುಂದೆ ಖಾಲಿಯಾಗಿಯೇ ಇಡಬೇಕು. ಬಂದೂಕು ಒಯ್ಯಲು ಬಂದ ದಿನ ಅವಳ ಕಣ್ಣೆದುರೇ ಗಜ ಇಳಿಸಿ ತೋರಿಸಿದೆ.

"ನಮ್ಮನ್ಯಾಗೆ ಇನ್ಯಾರೂ ತುಂಬಲ್ಲ ಬಿಡ್ರಿ. ತೋಳಕ್ಕೆ ತಮಟೆ ಐತೆ, ನಾಯಿ ಅವೆ" ಎಂದು ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು.

ನಾನು ನಿವೃತ್ತನಾದ ಮೇಲೆ ಒಂದು ಮಹಾನವಮಿಗೆ ಹನುಮಕ್ಕನ ಮನೆಯವರು ಕರೆದರೆಂದು ಹೋಗಿದ್ದೆ. ಗೋಡೆಯ ಮೇಲೆ ಬಂದೂಕು, ಅದರ ಪಕ್ಕ ಗಾಜು ಹಾಕಿಸಿದ ಒಂದು ಚೌಕಟ್ಟು. ಕರಿಯಪ್ಪನ ಫೋಟೋ ಇರಬೇಕೆಂದು ಹತ್ತಿರ ಹೋದೆ. ನನ್ನ ವರದಿಯ ನಕಲು ಅದು. 'ನಳಿಗೆಯಲ್ಲಿ ಗುಂಡು ಇರುವುದಿಲ್ಲ' ಎಂಬ ಸಾಲಿನ ಕೆಳಗೆ ಯಾರೋ ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಪೂಜೆಯ ಹೊತ್ತಿಗೆ ಊರಿನ ಹಿರಿಯರಿಬ್ಬರು ಬಂದು, ಚಪ್ಪಲಿ ಬಿಟ್ಟು ಅದರ ಮುಂದೆ ಕೈ ಮುಗಿದರು. ಒಂದು ಕಾಲದಲ್ಲಿ ಅವರೂ ಕರಿಯಪ್ಪನನ್ನು ನೋಡಿ ನಕ್ಕವರೇ ಇರಬೇಕು.

ಗಜ ತಳ ಮುಟ್ಟುವ ತನಕ ಪೆನ್ನು ಎತ್ತಬಾರದು. ನೌಕರಿ ನನಗೆ ಕಲಿಸಿದ ಪಾಠ ಇಷ್ಟೇ, ಅದೂ ತಡವಾಗಿ. ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ನಾನು ಬರೆದ ವರದಿಗಳೆಲ್ಲ ಫೈಲುಗಳಲ್ಲಿ ಧೂಳು ತಿನ್ನುತ್ತಿವೆ. ಅವತ್ತು ಹನುಮಕ್ಕ ಬಂದೂಕಿಗೆ ಕುಂಕುಮ ಇಟ್ಟು, ಅದೇ ಬೆರಳಿನಿಂದ ನನ್ನ ಸಹಿಯ ಮೇಲಿನ ಗಾಜಿಗೂ ಒಂದು ಬೊಟ್ಟು ಇಟ್ಟಳು. ಅಡ್ಡಗೆರೆ ಎಳೆದ ಆ ಕೆಂಪು ಸಾಲು ನೆನಪಾಗಿ ನಾನು ತಲೆ ತಗ್ಗಿಸಿದೆ.