ಹನ್ನೊಂದರಲ್ಲಿ ಮಿಕ್ಕ ಎಳೆ

ಬೆಳಿಗ್ಗೆ ನನ್ನ ತಮ್ಮ ಎಡಪ್ಪಾಡಿಯಿಂದ, ತಾನು ಕಟ್ಟಿಸಲಿರುವ ಮನೆಯ ಪ್ಲಾನನ್ನು ಫೋನಿಗೆ ಕಳಿಸಿದ. ಗಂಡಹೆಂಡತಿಗೊಂದು ರೂಮು, ಮಕ್ಕಳಿಬ್ಬರಿಗೆ ಒಂದೊಂದು, ಬೈಕಿಗೂ ಒಂದು ಮೂಲೆ. "ದೊಡ್ಡಮ್ಮಂಗೆ?" ಎಂದು ಫೋನ್ ಮಾಡಿ ಕೇಳಿದೆ.

"ಅದೇ ಅಕ್ಕಾ, ಎಂಗ್ ಪಾಲ್ ಮಾಡುದ್ರೂ ಅವ್ಳೊಬ್ಳು ಮಿಕ್ತಾಳೆ. ಮುದಿಯೋರ್ ಇಲ್ಲಂ ಒಂದೈತೆ, ಕೇಳಿ ನೋಡ್ಲಾ?" ಅಂದ. ವೃದ್ಧಾಶ್ರಮಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ.

ನಾನು ಗಣಿತದ ಟೀಚರು ನೋಡಿ, ಏನಾದರೂ ಮಿಕ್ಕಿತು ಅಂದರೆ ಕಿವಿ ನಿಮಿರುತ್ತದೆ.

ದೊಡ್ಡಮ್ಮ ನಮ್ಮಮ್ಮನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದವಳು, ಈಗ ತಮ್ಮನ ಜೊತೆಗಿದ್ದಾಳೆ. ಮಗ್ಗಕ್ಕೆ ಹಾಸು, ಅಂದರೆ ಉದ್ದಕ್ಕೆ ಬಿಗಿಯುವ ನೂಲು, ಹಾಕುತ್ತಿದ್ದವಳು ಅವಳೇ. ಎಳೆಗಳು ಯಾವಾಗಲೂ ಎರಡು ಸಾವಿರದ ಐನೂರ ಇಪ್ಪತ್ತು. ಸೀರೆಗೆ ಎಷ್ಟು ಪಟ್ಟೆ ಕೇಳಿದರೂ ಎಳೆ ಸಮನಾಗಿ ಹಂಚಿಹೋಗಲೆಂದು, ಶಾಲೆಯ ಮೆಟ್ಟಿಲು ಹತ್ತದ ಆ ಹೆಂಗಸು ಹುಣಸೆಬೀಜ ಗುಡ್ಡೆ ಹಾಕಿ ಹಾಕಿ ಈ ಲೆಕ್ಕ ಹಿಡಿದಿದ್ದಳಂತೆ. ಎರಡರಿಂದ ಹತ್ತರವರೆಗೆ ಯಾವುದರಿಂದ ಬೇಕಾದರೂ ಭಾಗಿಸಿ ನೋಡಿ, ಶೇಷವಿಲ್ಲ. ಅದಕ್ಕಿಂತ ಚಿಕ್ಕ ಸಂಖ್ಯೆ ಯಾವುದಕ್ಕೂ ಈ ಗುಣವಿಲ್ಲ ಎಂಬುದನ್ನು ನಾನು ಕಲಿತದ್ದು ಫೀಸು ಕಟ್ಟಿ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಂಗಡಿಯವರೊಬ್ಬರು ಹನ್ನೊಂದು ಪಟ್ಟೆಯ ಸೀರೆ ಕೇಳಿದರು. ದೊಡ್ಡಮ್ಮ ಬೆರಳು ಮಡಿಸುತ್ತ ಕೂತುಬಿಟ್ಟಳು. ನನಗೋ ಭಾಗಾಕಾರದ ಜಂಬ. "ಪಟ್ಟೆಗೆ ಇನ್ನೂರ ಇಪ್ಪತ್ತೊಂಬತ್ತು, ಮಿಕ್ಕಿದ್ದು ಒಂದು. ಕಿತ್ ಬಿಸಾಕು ದೊಡ್ಡಮ್ಮಾ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

ಅವಳು ತಲೆ ಎತ್ತಿದಳು. "ಮಿಕ್ಕಿದ್ನೆಲ್ಲಾ ಬಿಸಾಕೋದಾದ್ರೆ ನನ್ನ ಎಲ್ಲಿಗ್ ಬಿಸಾಕ್ತೀಯೆ?"

ಆಮೇಲೆ ಆ ಒಂಟಿ ಎಳೆಯನ್ನು ಅಂಚಿನ ಎಳೆಯ ಜೊತೆ ಸೇರಿಸಿದಳು. "ಮೊದ್ಲು ಕಿತ್ತೋಗೋದು ಅಂಚೇ. ಇದು ಅಲ್ಲಿರ್ಲಿ," ಅಂದಳು.

ನನಗೆ ಆಗ ನಾಚಿಕೆಯೇನೂ ಆಗಲಿಲ್ಲ. ಉತ್ತರ ಸರಿಯಿತ್ತಲ್ಲ! ನಾಚಿಕೆಯಾದದ್ದು ಎಷ್ಟೋ ವರ್ಷದ ಮೇಲೆ, ಗಂಡನ ಮನೆ ಬಿಟ್ಟು ತಾರಮಂಗಲದಲ್ಲಿ ಒಬ್ಬಳೇ ಬಾಡಿಗೆ ಮನೆ ಹಿಡಿದಾಗ. ಹನ್ನೊಂದು ಹಾಗಿರಲಿ, ಎಷ್ಟರಿಂದ ಭಾಗಿಸಿದರೂ ಮಿಕ್ಕುವವಳು ನಾನೇ ಅನ್ನಿಸಿತ್ತು. ಆ ವಾರವೇ ದೊಡ್ಡಮ್ಮ ರಾಗಿಹಿಟ್ಟಿನ ಚೀಲ ಹೊತ್ತು ಬಸ್ಸಿಳಿದಳು. ಒಂದು ತಿಂಗಳು ಇದ್ದಳು, ಏನಾಯಿತೆಂದು ಒಂದು ಮಾತೂ ಕೇಳಲಿಲ್ಲ.

ತಮ್ಮನಿಗೆ ಚೆನ್ನಾಗಿ ಬೈಯಬೇಕೆಂದಿದ್ದೆ. ಆದರೆ ಅವನು ಹೊಸದೇನು ಹೇಳಿದ? ಏಳನೇ ಕ್ಲಾಸಿನಲ್ಲಿ ನಾನು ಹೇಳಿದ್ದನ್ನೇ ಹೇಳಿದ. ಬೈಗುಳ ನುಂಗಿಕೊಂಡು ದೊಡ್ಡಮ್ಮನಿಗೆ ಫೋನ್ ಮಾಡಿದೆ.

"ದೊಡ್ಡಮ್ಮಾ, ನಮ್ಮನೆಗ್ ಬಂದ್ಬುಡು. ಇಲ್ಲೇ ಇದ್ಬುಡು."

"ಅವ್ನು ಏಳುದ್ನಾ, ಇಲ್ಲಾ ನೀನಾಗೇ ಕರೀತಿದ್ದೀಯಾ?"

"ನಾನಾಗೇ. ಒಬ್ಳೇ ಇರಕ್ಕಾಗ್ತಾ ಇಲ್ಲ ದೊಡ್ಡಮ್ಮಾ."

"ಅಂಗಾದ್ರೆ ಬತ್ತೀನಿ," ಅಂದಳು. "ಮೊದಲ್ನೇ ಬಸ್ಸಿಗೇ ಬತ್ತೀನಿ."