ಸಹಮ್ ಕಡಲಿನಲ್ಲಿ ಜಾಗ ಬಿಟ್ಟ ಗಂಟೆ

೧೯೮೮ರಲ್ಲಿ ನಾನು ಮಸ್ಕತ್ತಿನ ಅಲ್ ಖುವೈರ್‌ನಲ್ಲಿ ಒಂದು ಕನ್ಸಲ್ಟೆನ್ಸಿ ಕಂಪನಿಯ ಸರ್ವೇಯರ್ ಆಗಿದ್ದೆ. ವಾರವಿಡೀ ರಸ್ತೆ ಅಳೆಯುವ ಕೆಲಸ. ಶುಕ್ರವಾರದ ರಜೆ ಬಂದರೆ ಕಡಲು. ದೋಣಿಯ ಹುಚ್ಚಿದ್ದ ಹತ್ತಾರು ಮಂದಿ ಸೇರಿ ಸ್ವಯಂಸೇವಕರ ತಂಡ ಕಟ್ಟಿಕೊಂಡಿದ್ದೆವು. ಖಾಸಗಿ ಕಂಪನಿಗಳು ತಮ್ಮ ಜೆಟ್ಟಿಗಳ ಎದುರು ಇಟ್ಟಿದ್ದ ಬೋಯ್‌ಗಳನ್ನು ತಿಂಗಳಿಗೊಮ್ಮೆ ನೋಡಿ ಫಾರಂ ತುಂಬಿಕೊಡುವುದು ನಮ್ಮ ಕೆಲಸ. ಬೋಯ್ ಅಂದರೆ ಕಡಲತಳಕ್ಕೆ ಸರಪಳಿಯಿಂದ ಕಟ್ಟಿ ತೇಲಬಿಟ್ಟ ಉಕ್ಕಿನ ಗುರುತು. ಅದನ್ನು ನೋಡಿ ದೋಣಿಗಳು ದಾರಿ ಹಿಡಿಯುತ್ತವೆ. ಬಿಟ್ಟಿ ಕೆಲಸವಾದ್ದರಿಂದ ನಮಗೆ ಜಂಬ ಸ್ವಲ್ಪ ಹೆಚ್ಚೇ ಇತ್ತು.

ಸಹಮ್ ಊರಿನ ಎದುರಿಗಿದ್ದ ಬೋಯ್ ಮೇಲೆ ಗಂಟೆ ಇತ್ತು. ಅಲೆ ತೂಗಿದಾಗ ಅದು ತಾನೇ ಬಡಿಯುತ್ತಿತ್ತು. ಫಾರಂನಲ್ಲಿ ಮುಖ್ಯವಾದ ಕಾಲಂ ಒಂದೇ: ಬೋಯ್ ತನ್ನ ಜಾಗದಲ್ಲಿದೆಯೇ? ಅದರ ಪಕ್ಕ ದೋಣಿ ನಿಲ್ಲಿಸಿ, ದಡದ ಮಿನಾರು ಮತ್ತು ನೀರಿನ ಟ್ಯಾಂಕು ಯಾವ ದಿಕ್ಕಿಗಿವೆ ಎಂದು ಕಂಪಾಸಿನಲ್ಲಿ ಹಿಡಿದು ಬರೆಯಬೇಕು. ಇದಕ್ಕೆ ಬೇರಿಂಗ್ ಎನ್ನುತ್ತೇವೆ.

ಆ ಜನವರಿಯಲ್ಲಿ ಧೂಳು ಕವಿದು ದಡವೇ ಕಾಣಲಿಲ್ಲ. ನಾನು ಕಂಪಾಸು ಹಿಡಿದು ಕಣ್ಣು ಕಿರಿದು ಮಾಡಿಕೊಂಡು ಕೂತೇ ಇದ್ದೆ. ಜೊತೆಗಿದ್ದ ಉಡುಪಿಯ ಶೇಖರ ಶೆಟ್ಟರಿಗೆ ಹಸಿವು.

"ಎಂತ ಯೋಚನೆ ಮಾರಾಯ್ರೆ? ಬೋಯ್ ಎಲ್ಲಿಗೆ ಹೋಗ್ತದೆ, ಕಾಲುಂಟಾ ಅದಕ್ಕೆ? ಹೋದ ತಿಂಗಳಿದ್ದನ್ನೇ ಬರೀರಿ" ಎಂದರು.

ಬರೆದೆ. ಸಹಿಯನ್ನೂ ಹಾಕಿದೆ.

ಫೆಬ್ರವರಿಯ ಶುಕ್ರವಾರ ಬೆಳಿಗ್ಗೆ ಏಳಕ್ಕೆ ಮತ್ತೆ ಹೊರಟೆವು. ದೋಣಿ ಸಹಮ್‌ನ ಬಲೂಚಿ ಮೀನುಗಾರ ಖಲ್ಫಾನನದು. ಅವನು ನಮ್ಮೊಡನೆ ಹಿಂದಿಯಲ್ಲೇ ಮಾತಾಡುತ್ತಿದ್ದ. ಹಿಂದಿನ ದಿನ ಬಲೆಗೆ ಹೋದ ಅಣ್ಣ ನಾಸಿರ್ ಇನ್ನೂ ಬಂದಿಲ್ಲ ಎಂದ. ನಾಸಿರ್‌ಗೆ ಕಣ್ಣು ಮಂದವಾಗಿತ್ತು. ಈ ಗಂಟೆಯ ಸದ್ದು ಹಿಡಿದೇ ದಡ ಸೇರುತ್ತಿದ್ದ.

ಅರ್ಧ ದಾರಿಯಲ್ಲಿ ಮಂಜು ಇಳಿಯಿತು. ದೋಣಿಯ ಮೂತಿಯೇ ಕಾಣದು. ಆಗ ಗಂಟೆ ಕೇಳಿಸಿತು. ಅಲೆಗೆ ತೂಗುವ ಗಂಟೆ ಅಡ್ಡಾದಿಡ್ಡಿ ಬಡಿಯಬೇಕು. ಇದು ಒಂದು ಹೊಡೆತ, ಬಿಡುವು, ಮತ್ತೊಂದು ಹೊಡೆತ. ಯಾರೋ ಕೂತು ಲೆಕ್ಕ ಹಿಡಿದು ಬಾರಿಸಿದ ಹಾಗೆ.

ಖಲ್ಫಾನ್ ಇಂಜಿನ್ ನಿಲ್ಲಿಸಿದ. "ಸಾಬ್, ಗಂಟೆ ಬಲಗಡೆ ಇರಬೇಕು. ಎಡಗಡೆ ಕೇಳ್ತಿದೆ."

"ಮಂಜಿನಲ್ಲಿ ಸದ್ದು ಹಾಗೆಯೇ, ದಿಕ್ಕು ತಪ್ಪಿಸ್ತದೆ" ಎಂದರು ಶೆಟ್ಟರು. ಅವರ ದನಿಯೂ ಸಣ್ಣದಾಗಿತ್ತು.

ಖಲ್ಫಾನ್ ಹಗ್ಗಕ್ಕೆ ಕಟ್ಟಿದ ಸೀಸದ ಗುಂಡನ್ನು ಇಳಿಸಿದ. ಗುಂಡಿನ ಬುಡಕ್ಕೆ ಕೊಬ್ಬು ಸವರಿರುತ್ತಾರೆ. ತಳದಲ್ಲಿ ಮರಳಿದ್ದರೆ ಅಂಟಿ ಬರುತ್ತದೆ. ಗುಂಡು ಬರಿದೇ ಬಂತು. ಕೆಳಗೆ ಬಂಡೆ! ಹುಟ್ಟು ಹಾಕುತ್ತ ಸದ್ದಿನ ಕಡೆ ಸರಿದೆವು. ಮಂಜಿನೊಳಗಿಂದ ಬೋಯ್ ಎದ್ದು ಬಂತು. ಬಂಡೆಗೆ ಒರಗಿ ವಾಲಿಕೊಂಡಿತ್ತು. ಪ್ರತಿ ಅಲೆಗೂ ಒಂದೇ ಮಗ್ಗುಲಿನ ಹೊಡೆತ. ಸರಪಳಿ ಹರಿದು ಎಂದೋ ತೇಲಿ ಬಂದಿದೆ. ಸರಪಳಿಯ ಹರಿದ ತುದಿಗೂ ಹಸಿರು ಪಾಚಿ ಕಟ್ಟಿತ್ತು. ಜನವರಿಯಲ್ಲಿ ನಾನು ಸಹಿ ಹಾಕುವಾಗಲೇ ಅದು ಜಾಗ ಬಿಟ್ಟಿರಬೇಕು.

ಅಷ್ಟರಲ್ಲಿ ದೂರದಲ್ಲಿ ಇಂಜಿನ್ ಸದ್ದು ಕೇಳಿಸಿತು. ಖಲ್ಫಾನ್ ಬಾಯಿಗೆ ಕೈಯಿಟ್ಟುಕೊಂಡು ಕೂಗಿದ. ಇಂಜಿನ್ ನಿಲ್ಲಲಿಲ್ಲ. ನಾಸಿರ್ ಗಂಟೆಯನ್ನು ಕೇಳಿಕೊಂಡು ನೇರ ಬಂಡೆಗೇ ಬರುತ್ತಿದ್ದ.

ಏನು ತೋಚಿತೋ, ಅಂಗಿ ಬಿಚ್ಚಿ ಬೋಯ್ ಮೇಲೆ ಬಾಗಿ ಗಂಟೆಯ ನಾಲಗೆಗಳಿಗೆ ಸುತ್ತಿದೆ. ಖಲ್ಫಾನ್ ಹಗ್ಗ ಬಿಗಿದ. ಗಂಟೆ ನಿಂತಿತು. ಆ ಮೌನವನ್ನು ನೆನೆದರೆ ಈಗಲೂ ಭಯವಾಗುತ್ತದೆ. ಸ್ವಲ್ಪ ಹೊತ್ತಿಗೆ ಆಚೆಯ ಇಂಜಿನ್ನೂ ನಿಂತಿತು. ಆ ಮುದುಕನಿಗೆ ಈಗ ಕಣ್ಣೂ ಇಲ್ಲ, ಕಿವಿಯೂ ಇಲ್ಲ ಎಂಬಂತಾಯಿತು.

"ಯಲ್ಲಾ, ನಡೀರಿ!" ಎಂದು ಖಲ್ಫಾನ್ ದೋಣಿಯನ್ನು ಕಡಲಿನ ಕಡೆ ತಿರುಗಿಸಿದ. ನಾನು ಗುಂಡು ಇಳಿಸುತ್ತ ಹೋದೆ. ಬಂಡೆ, ಬಂಡೆ, ಮತ್ತೂ ಬಂಡೆ. ಕೊನೆಗೆ ಕೊಬ್ಬಿಗೆ ಮರಳು ಅಂಟಿತು; ಬಂಡೆ ದಾಟಿದ್ದೆವು. ಶೆಟ್ಟರು ಸ್ಪ್ಯಾನರ್ ಎತ್ತಿಕೊಂಡು ಖಾಲಿ ಡೀಸೆಲ್ ಡಬ್ಬ ಬಡಿಯತೊಡಗಿದರು. ಕೈಯಲ್ಲಿ ಬೊಬ್ಬೆ ಎದ್ದರೂ ಬಿಡಲಿಲ್ಲ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಆಚೆಯ ಇಂಜಿನ್ ಕೆಮ್ಮಿತು. ಮಂಜು ಸೀಳಿಕೊಂಡು ದೋಣಿಯ ಮೂತಿ, ಅದರ ಹಿಂದೆ ಬಿಳಿ ಗಡ್ಡ. ದೇವರೇ ಎಂದುಕೊಂಡೆ.

ದಡದಲ್ಲಿ ನಾಸಿರ್ ನನ್ನ ಕೈ ಹಿಡಿದು ಹಿಂದಿಯಲ್ಲಿ ಹೇಳಿದ: "ಹೋದ ವಾರ ದೋಣಿಯ ತಳ ಕಲ್ಲಿಗೆ ಉಜ್ಜಿತು. ಗಂಟೆ ಮೇಲೆ ಅನುಮಾನ ಬಂತು. ಆದರೆ ಹೋದ ತಿಂಗಳು ನೀವು ಕಂಪಾಸು ಹಿಡಿದು ನೋಡ್ತಿದ್ದದ್ದನ್ನ ನಾನೇ ಹತ್ತಿರದಿಂದ ಕಂಡಿದ್ದೆ. ಸಾಬ್‌ಗಳು ನೋಡಿದ್ದಾರೆ, ಖಲಾಸ್, ಮಾತು ಮುಗೀತು. ನನ್ನ ಕಿವಿಗೇ ವಯಸ್ಸಾಯ್ತು ಅಂದುಕೊಂಡೆ."

ನಾಚಿಕೆಯಿಂದ ನನಗೆ ಸಾಯುವ ಹಾಗಾಯಿತು.

"ನಿಮ್ಮ ಕಿವಿ ಸರಿಯಾಗಿದೆ ಚಾಚಾ" ಎಂದೆ. "ಅವತ್ತು ನಾನೇ ನೋಡಲಿಲ್ಲ. ಹಳೆಯದನ್ನು ನೋಡಿ ಬರೆದೆ."

ಅವನು ಕೈ ಬಿಟ್ಟ. ಬೈಯಲಿಲ್ಲ. "ನೋಡೋದಿಲ್ಲ ಅಂದ್ರೆ ಬರಲೇಬೇಡಿ ಸಾಬ್. ನೀವು ಬರೋ ಮುಂಚೆ ಮಂಜು ಬಿದ್ದಾಗೆಲ್ಲ ನಾನೇ ಗುಂಡು ಇಳಿಸಿ ನೋಡ್ತಿದ್ದೆ."

ಜನವರಿಯ ಫಾರಂ ಸುಳ್ಳು ಎಂದು ಅಂದೇ ಬರೆದುಕೊಟ್ಟೆ. ಕಂಪನಿಯವರು ಬೋಯ್‌ಗೆ ಹೊಸ ಸರಪಳಿ ಹಾಕಿಸಿದರು. ಮತ್ತೆ ಎಂಟು ವರ್ಷ ಆ ಕೆಲಸ ಮಾಡಿದೆ. ದಡ ಕಾಣದ ದಿನ ಆ ಕಾಲಂನಲ್ಲಿ 'ನೋಡಲಾಗಲಿಲ್ಲ' ಎಂದು ಬರೆಯುತ್ತಿದ್ದೆ. ಹಾಗೆ ಬರೆಯುವುದೂ ಕೆಲಸವೇ ಎಂದು ಕಲಿತೆ. ಶೆಟ್ಟರು ಮುಂದೆಂದೂ ಬೋಯ್‌ಗೆ ಕಾಲುಂಟಾ ಎಂಬ ಮಾತೆತ್ತಲಿಲ್ಲ. ಈಗ ನಿವೃತ್ತನಾಗಿ ಮನೆಯಲ್ಲಿದ್ದೇನೆ. ಆದರೂ ಯಾರಾದರೂ "ನೀವು ನೋಡಿದ್ದೀರಲ್ಲ, ಸಾಕು ಬಿಡಿ" ಎಂದರೆ, ಎದ್ದು ಹೋಗಿ ಇನ್ನೊಮ್ಮೆ ನೋಡಿ ಬರುತ್ತೇನೆ.